ಜಿಲ್ಲೆಯ ಸರಾಸರಿಯಲ್ಲಿ ಕಳೆದುಹೋಗುವ ರೋಗ

ಸೆನೆಗಲ್ ನದಿ ಅಟ್ಲಾಂಟಿಕ್ ಸಾಗರವನ್ನು ಸೇರುವ ಮುನ್ನ ಡಿಯಾಮಾ ಎಂಬಲ್ಲಿ ಅದಕ್ಕೊಂದು ಅಡ್ಡಗಟ್ಟೆ ಇದೆ. 1986ರಲ್ಲಿ ಮುಗಿದ ಈ ಕಟ್ಟೆಯ ಮುಖ್ಯ ಕೆಲಸ ಉಪ್ಪುನೀರನ್ನು ತಡೆಯುವುದು. ಬೇಸಿಗೆಯಲ್ಲಿ ನದಿ ಸೊರಗಿದಾಗ ಸಮುದ್ರದ ನೀರು ಒಳನಾಡಿನವರೆಗೂ ಏರಿ ಬರುತ್ತಿತ್ತು. ಕಟ್ಟೆ ಎದ್ದ ಮೇಲೆ ಅದು ನಿಂತಿತು, ವರ್ಷವಿಡೀ ಸಿಹಿನೀರು ಸಿಕ್ಕಿತು, ಕಬ್ಬು ಮತ್ತು ಭತ್ತ ಹಬ್ಬಿದವು. ಆದರೆ 1988ರ ಹೊತ್ತಿಗೆ ಸಕ್ಕರೆ ಕಾರ್ಖಾನೆಯ ಪಟ್ಟಣ ರಿಷಾರ್ ಟೋಲ್‌ನಲ್ಲಿ, ಅಲ್ಲಿಯವರೆಗೆ ಆ ಭಾಗದಲ್ಲಿ ನೆಲೆಯೂರಿರದ ಕರುಳಿನ ಬಿಲ್ಹಾರ್ಜಿಯಾ ಕಾಣಿಸಿಕೊಂಡಿತು. ಕೆಲವೇ ವರ್ಷಗಳಲ್ಲಿ ಪರೀಕ್ಷೆಗೆ ಒಳಗಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಮಲದಲ್ಲಿ ಅದರ ಪರಾವಲಂಬಿಯ ಮೊಟ್ಟೆಗಳಿದ್ದವು. ನೀರಾವರಿ ಯೋಜನೆಯೊಂದಕ್ಕೆ ನಕ್ಷೆಗಳ ಕೊರತೆ ಎಂದೂ ಇರುವುದಿಲ್ಲ: ಮಟ್ಟದ ಗೆರೆ, ಮಣ್ಣು, ನಾಲೆ, ಅಚ್ಚುಕಟ್ಟು ಎಲ್ಲದಕ್ಕೂ ಒಂದೊಂದಿರುತ್ತದೆ. ನಿಂತ ನೀರಿನಲ್ಲಿ ಯಾವ ಜೀವಿ ಬಂದು ಮನೆ ಮಾಡುತ್ತದೆ, ಅದೇ ನೀರಿಗೆ ಯಾರು ಎಲ್ಲಿ ಇಳಿಯುತ್ತಾರೆ ಎಂಬುದರ ನಕ್ಷೆ ಮಾತ್ರ ರೋಗ ಬಂದ ಮೇಲೆ ತಯಾರಾಗುತ್ತದೆ.

ಬಿಲ್ಹಾರ್ಜಿಯಾ, ವೈದ್ಯರ ಮಾತಿನಲ್ಲಿ ಶಿಸ್ಟೊಸೋಮಿಯಾಸಿಸ್, ಬಸವನಹುಳುವಿನ ನೆರವಿಲ್ಲದೆ ಒಂದು ಹೆಜ್ಜೆಯೂ ಮುಂದಿಡಲಾರದ ರೋಗ. ಸೋಂಕಿತರ ಮಲ ಅಥವಾ ಮೂತ್ರದೊಂದಿಗೆ ಮೊಟ್ಟೆಗಳು ನೀರು ಸೇರುತ್ತವೆ. ಅವು ಒಡೆದು ಹೊರಬಂದ ಮರಿ ಕೆಲವೇ ಗಂಟೆಗಳಲ್ಲಿ ತನಗೆ ಹೊಂದುವ ಜಾತಿಯ ಬಸವನಹುಳುವನ್ನು ಹೊಗಬೇಕು, ಇಲ್ಲವಾದರೆ ಸಾಯುತ್ತದೆ. ಹೊಕ್ಕರೆ, ಒಂದು ಮರಿ ಒಳಗೇ ಬೆಳೆದು ಸಾವಿರಾರಾಗಿ ಹೊರಬರುತ್ತದೆ. ಬಟ್ಟೆ ಒಗೆಯಲು, ಈಜಲು, ಮೀನು ಹಿಡಿಯಲು ನೀರಿಗಿಳಿದವರ ಚರ್ಮವನ್ನು ಕೊರೆದು ಅವು ಒಳಸೇರುತ್ತವೆ, ರಕ್ತನಾಳಗಳಲ್ಲಿ ವರ್ಷಗಟ್ಟಲೆ ಬದುಕುತ್ತವೆ. ಯಕೃತ್ತು, ಮೂತ್ರಕೋಶ, ಮಕ್ಕಳ ಬೆಳವಣಿಗೆ ಎಲ್ಲಕ್ಕೂ ಪೆಟ್ಟು ಬೀಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಮುಂಜಾಗ್ರತೆಯ ಚಿಕಿತ್ಸೆ ಬೇಕಿದ್ದವರು 25 ಕೋಟಿಗೂ ಹೆಚ್ಚು, ಅದು ಸಿಕ್ಕಿದ್ದು ಸುಮಾರು ಏಳೂವರೆ ಕೋಟಿ ಜನರಿಗೆ. ಬೇಕಿರುವವರಲ್ಲಿ ನೂರಕ್ಕೆ ತೊಂಬತ್ತು ಮಂದಿ ಆಫ್ರಿಕಾದವರು. ಈ ಅಂಕಿಗಳು ದೇಶದ, ಖಂಡದ ಲೆಕ್ಕ. ಬಸವನಹುಳುವಿನ ಲೆಕ್ಕ ಬೇರೆ. ಅದು ನದಿಯ ಒಂದು ತಿರುವಿನಲ್ಲಿ, ನಾಲೆಯ ಒಂದು ಬದಿಯಲ್ಲಿ, ಕಳೆ ದಟ್ಟವಾಗಿರುವ ಒಂದು ಇಳಿದಾಣದಲ್ಲಿ ಇರುತ್ತದೆ, ಪಕ್ಕದಲ್ಲೇ ಇರುವುದಿಲ್ಲ. ಒಂದೇ ನದಿಯ ದಂಡೆಯ ಎರಡು ಊರುಗಳಲ್ಲಿ ಒಂದರ ಶಾಲೆಯ ಮಕ್ಕಳೆಲ್ಲ ಸೋಂಕಿತರಾಗಿರಬಹುದು, ಇನ್ನೊಂದರಲ್ಲಿ ಬೆರಳೆಣಿಕೆಯಷ್ಟು ಮಾತ್ರ. ಎರಡನ್ನೂ ಕೂಡಿಸಿ ಜಿಲ್ಲೆಯ ಸರಾಸರಿ ತೆಗೆದರೆ ಬರುವ ಸಂಖ್ಯೆ ಯಾವ ಊರಿನದೂ ಅಲ್ಲ. ಔಷಧ ಎಲ್ಲಿಗೆ ಹೋಗಬೇಕು, ಎಷ್ಟು ಸಲ ಹೋಗಬೇಕು ಎಂಬ ತೀರ್ಮಾನಗಳು ಬಹುಕಾಲ ಇಂಥ ಸಂಖ್ಯೆಯ ಮೇಲೆಯೇ ನಿಂತಿದ್ದವು. ಭೂನಕ್ಷೆಯ ತಂತ್ರಜ್ಞಾನಕ್ಕೆ ಈ ರೋಗದ ವಿಷಯದಲ್ಲಿ ಬೆಲೆ ಬರುವುದಾದರೆ, ತೀರ್ಮಾನವನ್ನು ಜಿಲ್ಲೆಯಿಂದ ಇಳಿದಾಣಕ್ಕೆ ಇಳಿಸುವ ಶಕ್ತಿಯಿಂದ ಬರಬೇಕು. ಅದಕ್ಕಾಗಿ ಸರ್ಕಾರಗಳು ಮಾತ್ರೆಗೆ ತೆಗೆದಿಡುವಂತೆ ನಕ್ಷೆಗೂ ಹಣ ತೆಗೆದಿಡಬೇಕು ಎಂಬುದು ನನ್ನ ವಾದ.

ಈ ಪ್ರಯತ್ನ ಹೊಸದಲ್ಲ. ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರಗಳನ್ನು ಹವಾಮಾನದ ಅಂಕಿಗಳೊಂದಿಗೆ ಜೋಡಿಸಿ ಫಿಲಿಪ್ಪೀನ್ಸ್‌ನಲ್ಲಿ ಬಿಲ್ಹಾರ್ಜಿಯಾದ ನೆಲೆಗಳನ್ನು ಊಹಿಸುವ ಯತ್ನ 1980ರ ದಶಕದಲ್ಲೇ ನಡೆದಿತ್ತು. 1990ರ ದಶಕದಲ್ಲಿ ಜಾನ್ ಮಲೋನ್ ಮತ್ತು ಅವರ ಸಹೋದ್ಯೋಗಿಗಳು ನೈಲ್ ನದೀಮುಖಜ ಪ್ರದೇಶದಲ್ಲಿ ಹವಾಮಾನ ಉಪಗ್ರಹಗಳು ಅಳೆದ ಹಗಲು-ರಾತ್ರಿಯ ತಾಪಮಾನದ ವ್ಯತ್ಯಾಸವನ್ನು ಬಳಸಿಕೊಂಡರು. ಒಣನೆಲ ಹಗಲು ಬೇಗ ಕಾದು ರಾತ್ರಿ ಬೇಗ ತಣಿಯುತ್ತದೆ, ತೇವದ ನೆಲ ಹಾಗಲ್ಲ. ಹಾಗಾಗಿ ವ್ಯತ್ಯಾಸ ಕಡಿಮೆ ಇರುವಲ್ಲಿ ನೀರು ನೆಲದ ಮೇಲ್ಮಟ್ಟಕ್ಕೆ ಹತ್ತಿರವಿದೆ, ಅಲ್ಲಿ ರೋಗವೂ ಹೆಚ್ಚಿರಬಹುದು ಎಂಬುದು ತರ್ಕ. ರೋಗದ ಅಂಕಿಗಳೊಂದಿಗೆ ಅದು ತಕ್ಕಮಟ್ಟಿಗೆ ಹೊಂದಿಕೊಂಡಿತು ಕೂಡ. ಆದರೆ ಆ ಚಿತ್ರದ ಒಂದು ಚುಕ್ಕೆ ನೆಲದ ಮೇಲೆ ಸುಮಾರು ಒಂದು ಕಿಲೋಮೀಟರ್ ಅಗಲ. ಅಷ್ಟರೊಳಗೆ ಊರು, ನಾಲೆ, ಗದ್ದೆ, ರಸ್ತೆ ಎಲ್ಲವೂ ಸೇರಿಹೋಗುತ್ತವೆ. ಈಗ ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ಸೆಂಟಿನೆಲ್-2 ಉಪಗ್ರಹಗಳ ಚಿತ್ರದಲ್ಲಿ ಒಂದು ಚುಕ್ಕೆ ಹತ್ತು ಮೀಟರ್. ಒಂದೇ ಜಾಗದ ಹೊಸ ಚಿತ್ರ ಸುಮಾರು ಐದು ದಿನಕ್ಕೊಮ್ಮೆ ಸಿಗುತ್ತದೆ, ಅದೂ ಬಿಟ್ಟಿಯಾಗಿ. ಡ್ರೋನ್ ಹಾರಿಸಿದರೆ ಸೆಂಟಿಮೀಟರ್‌ಗಳ ಲೆಕ್ಕದಲ್ಲಿ ಕಾಣಿಸುತ್ತದೆ. ಮೂವತ್ತು ವರ್ಷಗಳಲ್ಲಿ ತಂತ್ರಜ್ಞಾನ ಬಸವನಹುಳುವಿನ ಅಳತೆಗೆ ಹತ್ತಿರ ಬಂದಿದೆ.

ಹತ್ತಿರ ಎಂದೆ. ಉಪಗ್ರಹಕ್ಕಾಗಲಿ ಡ್ರೋನಿಗಾಗಲಿ ಬಸವನಹುಳು ಕಾಣುವುದಿಲ್ಲವಲ್ಲ, ಕಾಣದ್ದರ ನಕ್ಷೆ ಎಷ್ಟು ನಂಬಲರ್ಹ ಎಂದು ಕೇಳುವವರಿದ್ದಾರೆ. ಅವರಿಗೆ ಸಮರ್ಪಕ ಉತ್ತರ ಬಂದದ್ದು ಸೆನೆಗಲ್ ನದಿಯ ಕೆಳಭಾಗದಿಂದಲೇ. ಚೆಲ್ಸಿ ವುಡ್, ಸುಸಾನ್ ಸೊಕೊಲೊ, ಜೂಲಿಯೋ ಡಿ ಲಿಯೊ ಮುಂತಾದವರ ತಂಡ ಅಲ್ಲಿನ ಹಳ್ಳಿಗಳ ಇಳಿದಾಣಗಳಲ್ಲಿ ಹಲವು ಋತುಗಳ ಕಾಲ ಬಸವನಹುಳುಗಳನ್ನು ಹೆಕ್ಕಿ ಎಣಿಸಿತು, ಜೊತೆಗೆ ಅದೇ ಜಾಗಗಳನ್ನು ಡ್ರೋನ್ ಮತ್ತು ಉಪಗ್ರಹದಿಂದ ನೋಡಿತು, ಮಕ್ಕಳ ಸೋಂಕಿನೊಂದಿಗೆ ಎರಡನ್ನೂ ಹೋಲಿಸಿತು. 2019ರಲ್ಲಿ ಪ್ರಕಟವಾದ ಫಲಿತಾಂಶ ಹುಳು ಎಣಿಸುವುದೇ ನಿಜವಾದ ವಿಜ್ಞಾನ ಎಂದುಕೊಂಡವರಿಗೆ ಇರುಸುಮುರುಸು ತರುವಂಥದ್ದು. ಸೋಂಕನ್ನು ಊಹಿಸುವುದರಲ್ಲಿ ಹುಳುಗಳ ಎಣಿಕೆಗಿಂತ, ನೀರಿನಲ್ಲಿ ಮುಳುಗಿ ತೇಲುವ ಕಳೆ ಎಷ್ಟು ವಿಸ್ತಾರವಾಗಿ ಹರಡಿದೆ, ಇಳಿದಾಣ ಎಷ್ಟು ದೊಡ್ಡದು ಎಂಬ ಸಂಗತಿಗಳು ಹೆಚ್ಚು ನೆರವಾದವು. ಕಾರಣ ಅರ್ಥವಾಗುವಂಥದ್ದೇ. ಹುಳುಗಳು ಗುಂಪುಗುಂಪಾಗಿರುತ್ತವೆ, ಇಂದು ಇಲ್ಲಿದ್ದ ಗುಂಪು ಮುಂದಿನ ಸಲ ಬಂದಾಗ ಇರುವುದಿಲ್ಲ. ಒಂದು ದಿನ ಒಂದು ಜಾಲರಿಗೆ ಸಿಕ್ಕಿದ್ದು ಆ ದಿನದ ಅದೃಷ್ಟವನ್ನು ಹೇಳುತ್ತದೆಯೇ ಹೊರತು ವರ್ಷದ ಅಪಾಯವನ್ನಲ್ಲ. ಕಳೆಯ ಹಾಸು ಹಾಗಲ್ಲ, ತಿಂಗಳುಗಟ್ಟಲೆ ಅಲ್ಲೇ ಇರುತ್ತದೆ, ಮೇಲಿನಿಂದ ಕಾಣುತ್ತದೆ. ಗದ್ದೆಯ ಬದುವಿನಲ್ಲಿ ಬಿಲ ಕಂಡ ರೈತ ಏಡಿಯನ್ನು ನೋಡಲೇಬೇಕೆಂದು ಹಟ ಹಿಡಿಯುವುದಿಲ್ಲ. ಹುಳುವನ್ನು ಕಾಣಲಾರದ್ದು ಈ ತಂತ್ರಜ್ಞಾನದ ಕೊರತೆ ಎನ್ನುವವರು ರೋಗ ಹರಡುವ ಬಗೆಯನ್ನು ಬಿಟ್ಟು ಹುಳುವನ್ನೇ ಹಿಡಿದು ಕೂತಿದ್ದಾರೆ.

ನಕ್ಷೆ ಮಾಡಿ ಪ್ರಬಂಧ ಬರೆದು ಮುಗಿಸಿದ್ದರೆ ಈ ಮಾತೆಲ್ಲ ವಿದ್ವಾಂಸರ ಗೋಷ್ಠಿಗೆ ಬಿಟ್ಟದ್ದು. ಆದರೆ ಅದೇ ನೆಲದಲ್ಲಿ ಅದು ಕೆಲಸಕ್ಕೂ ತಿರುಗಿತು. ಜೇಸನ್ ರೋರ್ ಮತ್ತು ಸೆನೆಗಲ್‌ನ ಸಂಶೋಧಕರು ಸೇರಿ ಮೂರು ವರ್ಷ ನಡೆಸಿದ ಪ್ರಯೋಗದಲ್ಲಿ ಕೆಲವು ಊರುಗಳ ಇಳಿದಾಣಗಳಿಂದ ನೀರುಕಳೆಯನ್ನು ಕಿತ್ತು ತೆಗೆದರು, ಕೆಲವು ಊರುಗಳಲ್ಲಿ ಹಾಗೇ ಬಿಟ್ಟರು. 2023ರಲ್ಲಿ ಹೊರಬಂದ ಲೆಕ್ಕದಂತೆ, ಕಳೆ ಬಿಟ್ಟ ಊರುಗಳ ಶಾಲಾಮಕ್ಕಳಲ್ಲಿ ಕರುಳಿನ ಬಿಲ್ಹಾರ್ಜಿಯಾದ ಸೋಂಕು ಕಳೆ ತೆಗೆದ ಊರುಗಳಿಗಿಂತ 1.46 ಪಟ್ಟು ಹೆಚ್ಚಿತ್ತು. ಕಿತ್ತ ಕಳೆ ಕೊಳೆತು ಗೊಬ್ಬರವಾಯಿತು, ತರಕಾರಿಗೆ ಒದಗಿತು, ಕುರಿಗಳಿಗೆ ಮೇವೂ ಆಯಿತು. ಹೊಲಕ್ಕೆ ಹಾಕಿದ ರಸಗೊಬ್ಬರ ಹರಿದು ನದಿ ಸೇರುವುದರಿಂದಲೇ ಈ ಕಳೆ ಕೊಬ್ಬುತ್ತದೆ, ಹಾಗಾಗಿ ರೈತನ ಹಣ ನೀರಿನಿಂದ ಮತ್ತೆ ಹೊಲಕ್ಕೆ ಬಂದಂತೆ. ಡಿಯಾಮಾ ಕಟ್ಟೆ ಇನ್ನೊಂದು ಜೀವಿಯ ದಾರಿಯನ್ನೂ ಮುಚ್ಚಿತ್ತು: ಬಸವನಹುಳುಗಳನ್ನು ತಿನ್ನುವ ನದಿ ಸಿಗಡಿ. ಸಂತಾನಕ್ಕಾಗಿ ಅದು ಉಪ್ಪುನೀರಿನ ಅಳಿವೆಗೆ ಹೋಗಿ ಬರಬೇಕು. ಕಟ್ಟೆ ಅಡ್ಡ ಬಂದ ಮೇಲೆ ಮೇಲ್ಭಾಗದಲ್ಲಿ ಸಿಗಡಿ ಕಡಿಮೆಯಾಯಿತು, ಹುಳುವಿಗೆ ಹೆದರಿಕೆ ಇಲ್ಲದಾಯಿತು. ಲಂಸಾರ್ ಎಂಬ ಹಳ್ಳಿಯಲ್ಲಿ ಸಿಗಡಿಗಳನ್ನು ಮತ್ತೆ ಬಿಟ್ಟು ನೋಡಿದಾಗ ಸೋಂಕಿತ ಹುಳುಗಳು ಇಳಿದವು. ಕಳೆ ಕೀಳುವುದಾಗಲಿ ಸಿಗಡಿ ಬಿಡುವುದಾಗಲಿ ಇಡೀ ನದಿಯುದ್ದಕ್ಕೂ ಆಗದ ಕೆಲಸ. ಎಲ್ಲಿ ಮಾಡಿದರೆ ಹೆಚ್ಚು ಮಕ್ಕಳಿಗೆ ಉಪಯೋಗ ಎಂದು ಆರಿಸಲೇಬೇಕು, ಆ ಆಯ್ಕೆಗೆ ನಕ್ಷೆಯಿಲ್ಲದೆ ಬೇರೆ ದಾರಿ ನನಗೆ ಕಾಣುವುದಿಲ್ಲ.

ಇಷ್ಟೆಲ್ಲ ಗೊಡವೆ ಏಕೆ, ಮಾತ್ರೆ ಇದೆಯಲ್ಲ ಎಂಬುದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಪ್ರಾಜಿಕ್ವಾಂಟೆಲ್ ಅಗ್ಗದ, ಸುರಕ್ಷಿತವಾದ ಔಷಧ. ಜರ್ಮನಿಯ ಮರ್ಕ್ ಕಂಪನಿ ವರ್ಷಕ್ಕೆ 25 ಕೋಟಿ ಮಾತ್ರೆಗಳವರೆಗೆ ದಾನವಾಗಿ ಕೊಡುತ್ತದೆ. ತೂಕದ ಯಂತ್ರವೂ ಬೇಡ, ಗುರುತು ಹಾಕಿದ ಕೋಲಿನ ಪಕ್ಕ ಮಗುವನ್ನು ನಿಲ್ಲಿಸಿ ಎತ್ತರ ನೋಡಿ ಎಷ್ಟು ಮಾತ್ರೆ ಎಂದು ಹೇಳಬಹುದು. ಎಲ್ಲರಿಗೂ ಕೊಟ್ಟುಬಿಡಿ ಎನ್ನುವವರ ಮಾತಿನಲ್ಲಿ ಹುರುಳಿದೆ, ಅಂಥ ಕಾರ್ಯಕ್ರಮಗಳಿಂದ ಆಫ್ರಿಕಾದಲ್ಲಿ ಸೋಂಕು ಬಹಳ ತಗ್ಗಿದೆ ಕೂಡ. ಆದರೆ ಮಾತ್ರೆ ದೇಹದೊಳಗೆ ಬೆಳೆದ ಪರಾವಲಂಬಿಯನ್ನು ಕೊಲ್ಲುತ್ತದೆ, ಆಗತಾನೇ ಒಳಹೊಕ್ಕ ಎಳೆಯ ಪರಾವಲಂಬಿಯ ಮೇಲೆ ಅದರ ಆಟ ನಡೆಯುವುದಿಲ್ಲ, ಮತ್ತೆ ಸೋಂಕು ತಗಲದಂತೆ ತಡೆಯುವುದೂ ಇಲ್ಲ. ಮಾತ್ರೆ ನುಂಗಿದ ಮಗು ಮರುದಿನ ಅದೇ ನೀರಿಗೆ ಇಳಿಯುತ್ತದೆ. ವರ್ಷ ವರ್ಷ ಮಾತ್ರೆ ಕೊಟ್ಟರೂ ಸೋಂಕು ಇಳಿಯದ ಊರುಗಳು ಉಳಿಯುತ್ತವೆ, ಮತ್ತು ಅವು ಯಾವುವು ಎಂಬುದು ಸರಾಸರಿಯಲ್ಲಿ ಕಾಣುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2022ರ ಮಾರ್ಗಸೂಚಿ, ಸೋಂಕು ನೂರಕ್ಕೆ ಹತ್ತು ಅಥವಾ ಹೆಚ್ಚಿರುವ ಸಮುದಾಯಗಳಲ್ಲಿ ಎರಡು ವರ್ಷ ದಾಟಿದ ಎಲ್ಲರಿಗೂ ವರ್ಷಕ್ಕೊಮ್ಮೆ ಮಾತ್ರೆ ಕೊಡಿ ಎಂದಿದೆ. ಇಲ್ಲಿ ಸಮುದಾಯ ಎಂಬುದನ್ನು ಗಮನಿಸಬೇಕು, ಜಿಲ್ಲೆ ಎಂದಿಲ್ಲ. ಪ್ರತಿ ಸಮುದಾಯದ ಮಲಮೂತ್ರ ಪರೀಕ್ಷೆ ಮಾಡಿ ಮುಗಿಸುವಷ್ಟು ಪ್ರಯೋಗಾಲಯಗಳು ಯಾವ ಬಡ ದೇಶದಲ್ಲೂ ಇಲ್ಲ. ಮೊದಲು ಎಲ್ಲಿ ಪರೀಕ್ಷಿಸಬೇಕೆಂದು ಹೇಳುವ ಸಾಧನ ಇಲ್ಲದಿದ್ದರೆ ಈ ಮಾರ್ಗಸೂಚಿ ಕಡತದಲ್ಲೇ ಉಳಿಯುತ್ತದೆ. ತಲುಪಿದ ಚಿಕಿತ್ಸೆಗಳ ಸಂಖ್ಯೆಯನ್ನೇ ಗೆಲುವೆಂದು ಬರೆದುಕೊಳ್ಳುವ ಚಾಳಿ ಎಲ್ಲಿಗೆ ಒಯ್ಯಬಹುದು ಎಂಬುದಕ್ಕೆ ಈಜಿಪ್ಟ್ ಸಾಕ್ಷಿ. ಪ್ರಾಜಿಕ್ವಾಂಟೆಲ್ ಬರುವ ಮುನ್ನ ಅಲ್ಲಿ ದಶಕಗಳ ಕಾಲ ಲಕ್ಷಾಂತರ ಜನರಿಗೆ ಇದೇ ರೋಗಕ್ಕೆ ಚುಚ್ಚುಮದ್ದು ಕೊಟ್ಟರು. ಸರಿಯಾಗಿ ಶುದ್ಧ ಮಾಡದ ಸೂಜಿಗಳ ಮೂಲಕ ಹೆಪಟೈಟಿಸ್ ಸಿ ಊರೂರಿಗೆ ಹಬ್ಬಿತು.

ಇನ್ನೊಂದು ಆಕ್ಷೇಪ ತಾಂತ್ರಿಕವಾದುದು, ಮತ್ತು ಅರ್ಧ ನಿಜ. ಒಂದು ಕಡೆ ಮಾಡಿದ ಮಾದರಿ ಇನ್ನೊಂದು ಕಡೆ ಕೈಕೊಡುತ್ತದೆ. ಸೆನೆಗಲ್‌ನಲ್ಲಿ ಕರುಳಿನ ರೋಗ ಹರಡುವ ಹುಳುವಿಗೆ ವರ್ಷವಿಡೀ ನಿಂತ ನೀರು ಬೇಕು. ಮೂತ್ರಕೋಶದ ರೋಗ ಹರಡುವ ಬುಲೈನಸ್ ಜಾತಿಯ ಹುಳುಗಳಲ್ಲಿ ಕೆಲವು ಬೇಸಿಗೆಯಲ್ಲಿ ಒಣಗುವ ಹೊಂಡದ ಕೆಸರಿನಲ್ಲೇ ಹೂತುಕೊಂಡು ಮಳೆಗಾಲಕ್ಕೆ ಎದ್ದುಬರುತ್ತವೆ. ಚೀನಾದ ಹುಳುವಿನ ಸ್ವಭಾವ ಇವೆರಡಕ್ಕೂ ಹೊರಗು. ಅದು ಅರ್ಧ ನೆಲದ, ಅರ್ಧ ನೀರಿನ ಜೀವಿ. ಪೊಯಾಂಗ್ ಸರೋವರದಂಥಲ್ಲಿ ಬೇಸಿಗೆಯ ನೆರೆ ಮುಳುಗಿಸಿ, ಚಳಿಗಾಲದಲ್ಲಿ ನೀರು ಸರಿದು ಹುಲ್ಲು ಚಿಗುರುವ ದಂಡೆಗಳೇ ಅದರ ಮನೆ. ಅಲ್ಲಿ ನೀರನ್ನು ಹುಡುಕುವ ನಕ್ಷೆ ದಾರಿ ತಪ್ಪಿಸುತ್ತದೆ, ನೀರು ಬಂದು ಹೋಗುವ ಅಂಚನ್ನು ಹುಡುಕಬೇಕು. ಆದರೆ ಇದು ನಕ್ಷೆಯ ವಿರುದ್ಧದ ವಾದವಾಗದೆ ಎರವಲು ನಕ್ಷೆಯ ವಿರುದ್ಧದ ವಾದವಾಗುತ್ತದೆ. ಚೀನಾ ಇದನ್ನು ಅರಿತೇ ತನ್ನದೇ ಹುಳುವಿನ ತನ್ನದೇ ಲೆಕ್ಕ ಕಟ್ಟಿಕೊಂಡಿತು. 1950ರ ದಶಕದಲ್ಲಿ ಒಂದು ಕೋಟಿಗೂ ಮಿಗಿಲಾಗಿದ್ದ ಅಲ್ಲಿನ ರೋಗಿಗಳ ಸಂಖ್ಯೆ ಈಗ ಬಹಳ ಕೆಳಗಿಳಿದಿದೆ. ಆ ಇಳಿಕೆಯ ದೊಡ್ಡ ಪಾಲು ದಂಡೆಗಳಲ್ಲಿ ಕೋಲು ಚೌಕಟ್ಟು ಹಿಡಿದು ಹುಳು ಎಣಿಸಿದವರಿಗೆ, ನಾಲೆ ಹೂತವರಿಗೆ, ಔಷಧ ಕೊಟ್ಟವರಿಗೆ ಸಲ್ಲಬೇಕು. ಉಪಗ್ರಹ ಬಂದದ್ದು ಆಮೇಲೆ. ಆದರೆ ಮುಂದಿನ ಅಪಾಯದ ಅಂದಾಜಿಗೆ ಅದು ಬೇಕಾಯಿತು. ಜೌ ಶಿಯಾವೊನಾಂಗ್ ಮತ್ತು ಸಂಗಡಿಗರು 2008ರಲ್ಲಿ, ಚಳಿಗಾಲ ಬೆಚ್ಚಗಾಗುತ್ತ ಹೋದರೆ 2050ರ ಹೊತ್ತಿಗೆ ಚೀನಾದ ನೆಲದ ನೂರಕ್ಕೆ ಸುಮಾರು ಎಂಟರಷ್ಟು ಹೊಸ ಪ್ರದೇಶ ರೋಗಕ್ಕೆ ಅನುಕೂಲವಾಗಬಹುದು ಎಂದು ಲೆಕ್ಕ ಹಾಕಿದರು. ಅನುಕೂಲ ಎಂದಮಾತ್ರಕ್ಕೆ ರೋಗ ಬಂದೇಬರುತ್ತದೆ ಎಂದಲ್ಲ, ಎಲ್ಲಿ ಕಣ್ಣಿಡಬೇಕು ಎಂದಷ್ಟೇ.

ಶೌಚಾಲಯ, ಕುಡಿಯುವ ನೀರು, ಸೇತುವೆ ಇವೇ ನಿಜವಾದ ಮದ್ದು, ನಕ್ಷೆ ಎಂಬುದು ದಾನಿಗಳಿಗೆ ತೋರಿಸಲು ಬಣ್ಣಬಣ್ಣವಾಗಿ ಕಾಣುವ ವಸ್ತು ಎಂದು ಮೂಗು ಮುರಿಯುವವರ ಬಗ್ಗೆ ನನಗೆ ಸಹಾನುಭೂತಿಯಿದೆ. ಜಪಾನ್ ಈ ರೋಗವನ್ನು ನೀಗಿದ್ದು ಉಪಗ್ರಹದ ನೆರವಿಲ್ಲದೆ, ಗದ್ದೆಯ ನಾಲೆಗಳಿಗೆ ಸಿಮೆಂಟು ಬಳಿದು, ಹುಳು ಕೊಂದು. ಮಿಯಾಯಿರಿ ಮತ್ತು ಸುಜುಕಿ 1913ರಲ್ಲಿ ಬಸವನಹುಳುವಿನ ಪಾತ್ರವನ್ನು ಪತ್ತೆಹಚ್ಚಿದ ದೇಶ ಅದು. ಅಲ್ಲಿ ಕಡೆಯ ಹೊಸ ರೋಗಿ ಕಂಡದ್ದು 1977ರಲ್ಲಿ. ಆದರೆ ಜಪಾನಿನಲ್ಲಿ ರೋಗವಿದ್ದದ್ದು ಕೋಫು ಕಣಿವೆಯಂಥ ಕೆಲವೇ ಕೆಲವು ಕಡೆ, ಮತ್ತು ಆ ಕಡೆಗಳ ಗಡಿ ಪ್ರತಿ ಹಳ್ಳಿಯವರೆಗೂ ಅವರಿಗೆ ಗೊತ್ತಿತ್ತು. ಸಿಮೆಂಟು ಎಲ್ಲಿಗೆ ಎಂದು ತಿಳಿದೇ ಅವರು ಸುರಿದರು. ನೂರು ಹಳ್ಳಿಗೆ ಶೌಚಾಲಯ ಬೇಕಿದ್ದು ಈ ವರ್ಷ ಹತ್ತಕ್ಕೆ ಮಾತ್ರ ಹಣವಿರುವ ಸರ್ಕಾರಕ್ಕೆ ಆ ಹತ್ತು ಯಾವುವು ಎಂಬ ಪ್ರಶ್ನೆ ಬಣ್ಣದ ವಸ್ತುವಲ್ಲ. ಯಾರೂ ಹೇಳದಿದ್ದರೆ ಶಾಸಕರ ಊರು ಮೊದಲಾಗುತ್ತದೆ.

ನಕ್ಷೆಯ ಬಗ್ಗೆ ನನಗಿರುವ ಅಂಜಿಕೆ ಬೇರೆಯದು. ಅದರಲ್ಲಿ ಖಾಲಿ ಬಿಟ್ಟ ಜಾಗ ನೋಡುವವರಿಗೆ ರೋಗವಿಲ್ಲದ ಜಾಗವಾಗಿ ಕಾಣುತ್ತದೆ. ಯಾರೂ ಹೋಗಿ ನೋಡಿರದ ಜಾಗವೂ ಅಷ್ಟೇ ಖಾಲಿಯಾಗಿರುತ್ತದೆ. ಭಾರತದಲ್ಲಿ ಮನುಷ್ಯರ ಬಿಲ್ಹಾರ್ಜಿಯಾ ಇಲ್ಲವೆಂದು ನಂಬಿದ್ದ ಕಾಲದಲ್ಲೇ, 1952ರಲ್ಲಿ, ಕೊಂಕಣದ ರತ್ನಾಗಿರಿ ಜಿಲ್ಲೆಯ ಗಿಂವಿ ಎಂಬ ಹಳ್ಳಿಯಲ್ಲಿ ಮೂತ್ರದ ಬಿಲ್ಹಾರ್ಜಿಯಾ ಬೇರೂರಿದ್ದನ್ನು ಗಾಡ್ಗೀಳ್ ಮತ್ತು ಶಾ ವರದಿ ಮಾಡಿದರು. ಫ್ರಾನ್ಸಿನ ಕಾರ್ಸಿಕಾ ದ್ವೀಪದ ಕಾವು ನದಿಯಲ್ಲಿ ಈಜಿದ ಪ್ರವಾಸಿಗಳಿಗೆ 2013ರ ಸುಮಾರಿಗೆ ಇದೇ ರೋಗ ತಗಲಿದಾಗಲೂ ಯುರೋಪಿನ ವೈದ್ಯರು ಬೆಚ್ಚಿಬಿದ್ದರು. ಪರಾವಲಂಬಿಯ ವಂಶವಾಹಿಯ ನಂಟು ಸೆನೆಗಲ್ ಕಡೆಗೆ ತೋರಿಸಿತು. ಯಾರೋ ಪ್ರಯಾಣಿಕರು ತಂದದ್ದಕ್ಕೆ ಅಲ್ಲಿನ ಹುಳು ಆಸರೆ ಕೊಟ್ಟಿತ್ತು. ಆದ್ದರಿಂದ ನಕ್ಷೆ ಮಾಡುವವರು ಅಪಾಯದ ಬಣ್ಣದ ಜೊತೆಗೆ ತಮ್ಮ ಅಜ್ಞಾನದ ಬಣ್ಣವನ್ನೂ ಹಾಕಬೇಕು: ಇಲ್ಲಿ ಪರೀಕ್ಷೆಯಾಗಿದೆ, ಇಲ್ಲಿ ಬರೀ ಲೆಕ್ಕಾಚಾರ, ಇಲ್ಲಿ ಏನೂ ಗೊತ್ತಿಲ್ಲ. ಇದನ್ನು ಮರೆಮಾಚಿದ ನಕ್ಷೆಯನ್ನು ಅಧಿಕಾರಿಗಳ ಕೈಗೆ ಕೊಡುವುದಕ್ಕಿಂತ ಕೊಡದಿರುವುದೇ ಮೇಲು.

ಕರ್ನಾಟಕದಲ್ಲಿ ಬಸವನಹುಳು ಸಾಗಿಸುವ ರೋಗಗಳ ಭಾರ ಹೊರುವವು ಹೆಚ್ಚಾಗಿ ದನ, ಎಮ್ಮೆ, ಕುರಿ, ಮೇಕೆಗಳು. ಯಕೃತ್ತಿನ ಚಪ್ಪಟೆ ಹುಳು ನಮ್ಮ ಕೆರೆಯಂಗಳದ ಹುಲ್ಲಿನ ಮೇಲೆ, ನೀರಂಚಿನ ಮೇವಿನ ಮೇಲೆ ಕುಳಿತು ಹೊಟ್ಟೆ ಸೇರುತ್ತದೆ. ಹಾಲು ಇಳಿಯುತ್ತದೆ, ಗದ್ದದ ಕೆಳಗೆ ನೀರು ತುಂಬುತ್ತದೆ, ದನ ಬಡಕಲಾಗುತ್ತದೆ. ಬಿಲ್ಹಾರ್ಜಿಯಾದ ಜ್ಞಾತಿಯೊಂದು ದನಗಳ ಮೂಗಿನ ರಕ್ತನಾಳಗಳಲ್ಲಿ ನೆಲೆಸಿ, ಗೊರಕೆ ಹೊಡೆದಂತೆ ಉಸಿರಾಡಿಸುತ್ತದೆ. 1930ರ ದಶಕದಲ್ಲಿ ಅದನ್ನು ಗುರುತಿಸಿದವರು ಆಗಿನ ಮದ್ರಾಸ್ ಪ್ರಾಂತ್ಯದ ಅನಂತನಾರಾಯಣ ರಾವ್. ಇಂಥ ಪರಾವಲಂಬಿಗಳ ಮರಿಗಳು ಗದ್ದೆಗೆ ಇಳಿದವರ ಚರ್ಮವನ್ನೂ ಹೊಕ್ಕು ಅಲ್ಲೇ ಸಾಯುತ್ತವೆ, ಬಿಟ್ಟುಹೋಗುವುದು ಕೆರೆತವನ್ನು. ನಾಲೆಯ ಸೋರಿಕೆಯಿಂದ ಜವುಳಾದ ನೆಲ, ಹೂಳು ತುಂಬಿದ ಬಸಿಗಾಲುವೆ, ತೂಬಿನ ಕೆಳಗೆ ಸದಾ ನಿಂತ ನೀರು, ತುಂಗಭದ್ರಾ ಅಚ್ಚುಕಟ್ಟಿನಂಥ ಕಡೆಗಳಲ್ಲಿ ಇವು ಹೊಸ ಮಾತಲ್ಲ. ಸೆನೆಗಲ್‌ನ ಎಂಜಿನಿಯರಿಗೆ ಕಾಣದೆ ಹೋದ ಅಂಚುಗಳೇ ಇವು.

ನಮಗೆ ಸಾಧನಗಳ ಕೊರತೆ ಇಲ್ಲ, ಅಳತೆಯ ಕೊರತೆ ಇದೆ. ಯಲಹಂಕದಲ್ಲಿರುವ ರಾಷ್ಟ್ರೀಯ ಪಶುರೋಗ ಸೋಂಕುಶಾಸ್ತ್ರ ಸಂಸ್ಥೆ, ನಿವೇದಿ, ದೇಶದ ಜಾನುವಾರು ರೋಗಗಳ ಮುನ್ಸೂಚನೆಯನ್ನು ಎರಡು ತಿಂಗಳು ಮುಂಚಿತವಾಗಿ ಕೊಡುತ್ತದೆ, ಯಕೃತ್ತಿನ ಹುಳುವೂ ಆ ಪಟ್ಟಿಯಲ್ಲಿದೆ. ಅದು ಮೆಚ್ಚುವ ಕೆಲಸ. ಆದರೆ ಮುನ್ಸೂಚನೆ ಬರುವುದು ಜಿಲ್ಲಾವಾರು. ಗಾಳಿಯಲ್ಲಿ, ಸಂತೆಯಲ್ಲಿ ಹರಡುವ ಕಾಲುಬಾಯಿ ಜ್ವರಕ್ಕೆ ಜಿಲ್ಲೆಯ ಎಚ್ಚರಿಕೆ ಉಪಯೋಗಕ್ಕೆ ಬರುತ್ತದೆ. ಒಂದು ತೂಬಿನ ಕೆಳಗೆ ಬದುಕುವ ಬಸವನಹುಳುವಿಗೆ ಜಿಲ್ಲೆ ಎಂಬುದೇ ಇಲ್ಲ. ಇದೇ ರಾಜ್ಯದ ದೂರಸಂವೇದಿ ಅನ್ವಯಿಕ ಕೇಂದ್ರ ರೂಪಿಸಿದ ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರು ಮೊಬೈಲಿನಲ್ಲಿ ಬರುತ್ತದೆ. ಕೆರೆ, ನಾಲೆಗಳ ನಕ್ಷೆಗಳೂ ಸರ್ಕಾರದ ಬಳಿ ಇವೆ. ದನದ ಕಿವಿಯಲ್ಲಿ ಹನ್ನೆರಡು ಅಂಕಿಯ ಹಳದಿ ಓಲೆ ತೂಗುತ್ತಿದೆ. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಸಗಣಿ ಪರೀಕ್ಷಿಸಿ ಚಪ್ಪಟೆ ಹುಳುವಿನ ಮೊಟ್ಟೆ ಕಂಡಾಗ ಆ ಹನ್ನೆರಡು ಅಂಕಿಯನ್ನೂ ಫಲಿತಾಂಶದ ಪಕ್ಕ ಬರೆದು ಕಂಪ್ಯೂಟರಿಗೆ ಏರಿಸಿದರೆ ಊರು ಸಿಗುತ್ತದೆ, ಊರು ಸಿಕ್ಕರೆ ದನ ಮೇಯುವ ಕೆರೆ ಸಿಗುತ್ತದೆ. ಯಾರ ದನಕ್ಕೆ ರೋಗವಿದೆ ಎಂದು ಜಗಜ್ಜಾಹೀರು ಮಾಡುವ ಅಗತ್ಯವಿಲ್ಲ, ಹಾಗೆ ಮಾಡಿದರೆ ಮರುವರ್ಷ ಯಾರೂ ಸಗಣಿ ತರುವುದಿಲ್ಲ. ಮಾಲೀಕರ ಹೆಸರು ತೆಗೆದು ಹೋಬಳಿ ಮಟ್ಟದಲ್ಲಿ ಪ್ರಕಟಿಸಿದರೆ ಸಾಕು. ಹೊಸ ಉಪಗ್ರಹ, ಹೊಸ ಇಲಾಖೆ ಯಾವುದೂ ಬೇಡ. ಪಶುಸಂಗೋಪನೆ, ನೀರಾವರಿ, ಕಂದಾಯ ಈ ಮೂರು ಇಲಾಖೆಗಳ ಕಡತಗಳನ್ನು ಒಂದೇ ಪರದೆಯ ಮೇಲೆ ತರುವ ಆದೇಶವೊಂದು ಬೇಕು. ಮೊದಲು ಒಂದು ಅಚ್ಚುಕಟ್ಟಿನಲ್ಲಿ, ಎರಡು ಮಳೆಗಾಲ, ಜಂತುನಾಶಕವನ್ನು ಈ ನಕ್ಷೆಯಂತೆ ಹಂಚಿ ಪಕ್ಕದ ಅಚ್ಚುಕಟ್ಟಿನಲ್ಲಿ ಎಂದಿನಂತೆ ಹಂಚಲಿ. ವ್ಯತ್ಯಾಸ ಬರದಿದ್ದರೆ ಈ ಅಂಕಣದ ವಾದ ಕರ್ನಾಟಕಕ್ಕೆ ಹೊಂದಲಿಲ್ಲವೆಂದು ಅಂಕಿಗಳೇ ಹೇಳುತ್ತವೆ, ಆಗ ಆ ಹಣವನ್ನು ಬಸಿಗಾಲುವೆಗಳ ಹೂಳು ತೆಗೆಯುವುದಕ್ಕೆ ಕೊಡಬಹುದು.